ಲಿಸ್ ಪೆಂಡೆನ್ಸ್, ಪೆಂಡೆಂಟೆ ಲಿಟೆ: ಒಂದು ಲ್ಯಾಟಿನ್ ಕೃದಂತದ ಅರ್ಥ ಮತ್ತು ವಿಭಕ್ತಿರೂಪಗಳು

1882ರ ಆಸ್ತಿ ವರ್ಗಾವಣೆ ಕಾಯಿದೆಯ 52ನೇ ಕಲಮನ್ನು ವಕೀಲರು ‘ಲಿಸ್ ಪೆಂಡೆನ್ಸ್’ ತತ್ತ್ವವೆಂದು ಕರೆಯುತ್ತಾರೆ. 1955ರ ಹಿಂದೂ ವಿವಾಹ ಕಾಯಿದೆಯ 24ನೇ ಕಲಮಿನ ಶೀರ್ಷಿಕೆಯಲ್ಲಿ ‘ಪೆಂಡೆಂಟೆ ಲಿಟೆ’ ಎಂಬ ಮಾತು ಇಂದಿಗೂ ಅಚ್ಚಾಗುತ್ತದೆ. ದಾವೆ ನಡೆಯುತ್ತಿರುವಾಗ ಕೊಡಬೇಕಾದ ಜೀವನಾಂಶವನ್ನು ಕುರಿತ ಕಲಮು ಅದು. ಕಾನೂನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಇವೆರಡನ್ನೂ ಬೇರೆ ಬೇರೆ ಪಾರಿಭಾಷಿಕ ಪದಗಳೆಂದು ಕಂಠಪಾಠ ಮಾಡುತ್ತಾರೆ. ಆದರೆ ಎರಡರಲ್ಲಿಯೂ ಇರುವುದು ಅದೇ ನಾಮಪದ ಮತ್ತು ಅದೇ ಕೃದಂತ (ಧಾತುವಿನಿಂದ ಹುಟ್ಟಿ ವಿಶೇಷಣದಂತೆ ನಡೆಯುವ ಪದ). ಬದಲಾಗಿರುವುದು ವಿಭಕ್ತಿ ಮಾತ್ರ. ಆ ಕೃದಂತವನ್ನು ಕಟ್ಟುವ, ಓದುವ ಮತ್ತು ಕನ್ನಡಕ್ಕೆ ತರುವ ಕ್ರಮವನ್ನು ಈ ಲೇಖನ ಹಂತಹಂತವಾಗಿ ವಿವರಿಸುತ್ತದೆ. ಇದನ್ನು ಒಮ್ಮೆ ಸರಿಯಾಗಿ ಕಲಿತವರಿಗೆ ನ್ಯಾಯಾಲಯಗಳಲ್ಲಿ ಬಳಕೆಯಲ್ಲಿರುವ ಹತ್ತಾರು ಲ್ಯಾಟಿನ್ ಸೂತ್ರಗಳು ಉರುಹೊಡೆಯುವ ಸಾಮಗ್ರಿಯಾಗಿ ಉಳಿಯದೆ ಅರ್ಥವಾಗುವ ವಾಕ್ಯಗಳಾಗುತ್ತವೆ.

ಬರವಣಿಗೆಯ ಬಗ್ಗೆ ಒಂದು ಸೂಚನೆ ಅಗತ್ಯ. ನಮ್ಮ ನ್ಯಾಯಾಲಯಗಳಲ್ಲಿ ಕೇಳಿಬರುವ ‘ಪೆಂಡೆನ್ಸ್’ ಇಂಗ್ಲಿಷಿನ ಮೂಲಕ ಬಂದ ಉಚ್ಚಾರಣೆ. ಪ್ರಾಚೀನ ಲ್ಯಾಟಿನ್ನಿನಲ್ಲಿ ತಕಾರ ದಕಾರಗಳು ದಂತ್ಯವಾಗಿದ್ದವು, ಸ್ವರಗಳಲ್ಲಿ ಹ್ರಸ್ವ ದೀರ್ಘಗಳ ಭೇದವಿತ್ತು. ರೋಮನ್ ಲಿಪಿಯ ಸಾಮಾನ್ಯ ಮುದ್ರಣದಲ್ಲಿ ಆ ಭೇದ ಕಾಣುವುದಿಲ್ಲ; ಕನ್ನಡ ಲಿಪಿಯಲ್ಲಿ ಎಕಾರಕ್ಕೂ ಏಕಾರಕ್ಕೂ, ಒಕಾರಕ್ಕೂ ಓಕಾರಕ್ಕೂ ಪ್ರತ್ಯೇಕ ಅಕ್ಷರಗಳಿರುವುದರಿಂದ ಅದನ್ನು ನೇರವಾಗಿ ತೋರಿಸಬಹುದು. ಆದ್ದರಿಂದ ಇಲ್ಲಿಂದ ಮುಂದೆ ರೂಪಗಳನ್ನು ಪ್ರಾಚೀನ ಉಚ್ಚಾರಣೆಗೆ ಅನುಗುಣವಾಗಿ ‘ಲೀಸ್ ಪೆಂದೇನ್ಸ್’, ‘ಪೆಂದೆಂತೆ ಲೀತೆ’ ಎಂದು ಬರೆಯುತ್ತೇನೆ. ಇದು ಪಾಂಡಿತ್ಯದ ಅಲಂಕಾರವಲ್ಲ. ಕೊನೆಯ ಸ್ವರದ ಹ್ರಸ್ವದೀರ್ಘಗಳೇ ವಿಭಕ್ತಿಯನ್ನು ಸೂಚಿಸುವ ಸಂದರ್ಭಗಳು ಈ ಭಾಷೆಯಲ್ಲಿ ಬಹಳ.

ಮೊದಲ ಹೆಜ್ಜೆ: ಧಾತುವನ್ನೂ ಪ್ರಕೃತಿಯನ್ನೂ ಗುರುತಿಸುವುದು

‘ಪೆಂದೇರೆ’ ಎಂದರೆ ತೂಗುಬಿದ್ದಿರುವುದು, ಜೋತುಬಿದ್ದಿರುವುದು. ಅದರಿಂದ ಬಂದ ವರ್ತಮಾನ ಕೃದಂತ ‘ಪೆಂದೇನ್ಸ್’, ಅಂದರೆ ‘ತೂಗುತ್ತಿರುವ’. ತೀರ್ಪಿಲ್ಲದೆ ನಡುವೆ ನಿಂತ ದಾವೆಯನ್ನು ಈ ಧಾತುವಿನಿಂದ ಹೇಳುವುದು ಸಹಜವಾಗಿ ಬೆಳೆದ ಅರ್ಥವಿಸ್ತಾರ. ‘ಲೀಸ್’ ಎಂದರೆ ವ್ಯಾಜ್ಯ, ದಾವೆ. ಅದು ಸ್ತ್ರೀಲಿಂಗದ ನಾಮಪದ. ಹಾಗಾಗಿ ‘ಲೀಸ್ ಪೆಂದೇನ್ಸ್’ ಎಂದರೆ ‘ಇತ್ಯರ್ಥವಾಗದೆ ನಿಂತಿರುವ ದಾವೆ’.

ನಿಘಂಟು ನೋಡುವವರು ಇಲ್ಲಿ ಎಚ್ಚರ ವಹಿಸಬೇಕು. ಲ್ಯಾಟಿನ್ ಧಾತುಗಳನ್ನು ರೂಪಕ್ರಮಕ್ಕೆ ತಕ್ಕಂತೆ ನಾಲ್ಕು ಗಣಗಳಾಗಿ ವಿಂಗಡಿಸುತ್ತಾರೆ. ಎರಡನೆಯ ಗಣದ ‘ಪೆಂದೇರೆ’ ಒಂದು ಧಾತುವಾದರೆ, ಮೂರನೆಯ ಗಣದ, ನಡುವಿನ ಎಕಾರ ಹ್ರಸ್ವವಾಗಿರುವ ‘ಪೆಂದೆರೆ’ ಇನ್ನೊಂದು ಧಾತು; ಅದರ ಅರ್ಥ ತೂಕ ಮಾಡುವುದು, ಹಣ ಪಾವತಿ ಮಾಡುವುದು. ಎರಡರ ವರ್ತಮಾನ ಕೃದಂತವೂ ‘ಪೆಂದೇನ್ಸ್’ ಎಂದೇ ಆಗುತ್ತದೆ. ಮೊದಲನೆಯದು ಅಕರ್ಮಕ, ಎರಡನೆಯದು ಸಕರ್ಮಕ. ಕೃದಂತದ ಪಕ್ಕದಲ್ಲಿ ದ್ವಿತೀಯಾ ವಿಭಕ್ತಿಯ ಕರ್ಮಪದವಿದ್ದರೆ ‘ಪಾವತಿ ಮಾಡುತ್ತಿರುವ’ ಎಂಬ ಅರ್ಥವನ್ನು ಪರಿಶೀಲಿಸಬೇಕು. ಇಲ್ಲದಿದ್ದರೆ ‘ತೂಗುತ್ತಿರುವ’ ಎಂಬುದೇ ಸಾಮಾನ್ಯವಾಗಿ ಸರಿಹೊಂದುತ್ತದೆ.

ವರ್ತಮಾನ ಕೃದಂತವನ್ನು ಕಟ್ಟುವ ವಿಧಾನ ಸರಳವಾಗಿದೆ. ಒಂದನೆಯ ಗಣದ ‘ಅಮಾರೆ’ (ಪ್ರೀತಿಸು) ಎಂಬುದರಿಂದ ‘ಅಮಾನ್ಸ್’, ಎರಡನೆಯ ಗಣದ ‘ಪೆಂದೇರೆ’ಯಿಂದ ‘ಪೆಂದೇನ್ಸ್’, ಮೂರನೆಯ ಗಣದ ‘ಕೋಗೆರೆ’ (ಒತ್ತಾಯಿಸು) ಎಂಬುದರಿಂದ ‘ಕೋಗೇನ್ಸ್’, ಅದೇ ಗಣದಲ್ಲಿ ನಡುವೆ ಇಕಾರ ಪಡೆಯುವ ‘ಕಪೆರೆ’ (ಹಿಡಿ) ಎಂಬುದರಿಂದ ‘ಕಪಿಯೇನ್ಸ್’, ನಾಲ್ಕನೆಯ ಗಣದ ‘ದೊರ್ಮೀರೆ’ (ನಿದ್ರಿಸು) ಎಂಬುದರಿಂದ ‘ದೊರ್ಮಿಯೇನ್ಸ್’. ಇವು ಪ್ರಥಮಾ ಏಕವಚನದ ರೂಪಗಳು. ನಿಜವಾದ ಪ್ರಕೃತಿ ಷಷ್ಠಿಯಲ್ಲಿ ಪ್ರಕಟವಾಗುತ್ತದೆ: ಅಮಂತಿಸ್, ಪೆಂದೆಂತಿಸ್, ಕೋಗೆಂತಿಸ್, ಕಪಿಯೆಂತಿಸ್, ದೊರ್ಮಿಯೆಂತಿಸ್. ಕೊನೆಯ ‘ಇಸ್’ ತೆಗೆದರೆ ಉಳಿಯುವ ‘ಪೆಂದೆಂತ್’ ಎಂಬುದೇ ಎಲ್ಲ ಪ್ರತ್ಯಯಗಳನ್ನೂ ಹೊರುವ ಪ್ರಕೃತಿ. ‘ನ್ಸ್’ ಎಂಬುದರ ಹಿಂದಿನ ಸ್ವರ ದೀರ್ಘವಾಗಿಯೂ ‘ಂತ’ ಎಂಬುದರ ಹಿಂದಿನ ಸ್ವರ ಹ್ರಸ್ವವಾಗಿಯೂ ಇರುವುದನ್ನು ಗಮನಿಸಬೇಕು. ಈ ನಿಯಮಕ್ಕೆ ಗಣಭೇದವಿಲ್ಲ.

ಕ್ರಮ ತಪ್ಪುವ ಧಾತುಗಳು ಕೆಲವೇ. ‘ಈರೆ’ (ಹೋಗು) ಎಂಬುದರ ಕೃದಂತ ‘ಇಯೇನ್ಸ್’, ಆದರೆ ಷಷ್ಠಿ ‘ಎಯುಂತಿಸ್’. ಇದನ್ನು ನೆನಪಿಟ್ಟುಕೊಳ್ಳುವುದೊಂದೇ ದಾರಿ. ‘ಇರು’ ಎಂಬ ಅರ್ಥದ ‘ಎಸ್ಸೆ’ ಧಾತುವಿಗೆ ಪ್ರಾಚೀನ ಲ್ಯಾಟಿನ್ನಿನಲ್ಲಿ ಸ್ವತಂತ್ರವಾದ ವರ್ತಮಾನ ಕೃದಂತ ಬಳಕೆಯಲ್ಲಿರಲಿಲ್ಲ. ಹಾಜರಿರುವ, ಗೈರಾಗಿರುವ ಎಂಬ ಅರ್ಥದ ‘ಪ್ರೈಸೇನ್ಸ್’, ‘ಅಬ್ಸೇನ್ಸ್’ ಎಂಬ ಸಮಸ್ತಪದಗಳಲ್ಲಿ ಮಾತ್ರ ಅದು ಉಳಿದಿದೆ.

ಸಂಸ್ಕೃತ ಓದಿದವರಿಗೆ ಈ ‘ಂತ’ ಹೊಸದಲ್ಲ. ಶತೃ ಪ್ರತ್ಯಯದ ಗಚ್ಛನ್, ಗಚ್ಛಂತಂ ಎಂಬ ರೂಪಗಳಿಗೂ ಇದಕ್ಕೂ ಮೂಲ ಒಂದೇ. ‘ಹೊರು’ ಎಂಬ ಅರ್ಥದ ಸಂಸ್ಕೃತ ಭೃ ಧಾತುವೂ ಲ್ಯಾಟಿನ್ನಿನ ‘ಫೆರ್ರೆ’ ಎಂಬುದೂ ಒಂದೇ ಮೂಲದವು. ಭರಂತಂ ಎಂಬುದನ್ನೂ ‘ಫೆರೆಂತೆಮ್’ ಎಂಬುದನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಸಂಬಂಧ ಸ್ಪಷ್ಟವಾಗುತ್ತದೆ. ಆದರೆ ಎರಡು ವ್ಯತ್ಯಾಸಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸಂಸ್ಕೃತದಲ್ಲಿ ಭರಂತಂ ಎಂದಿರುವ ಪ್ರಕೃತಿ ತೃತೀಯೆಯಲ್ಲಿ ಭರತಾ ಎಂದು ನಕಾರವನ್ನು ಕಳೆದುಕೊಳ್ಳುತ್ತದೆ. ಲ್ಯಾಟಿನ್ನಿನಲ್ಲಿ ನಕಾರ ಎಲ್ಲಿಯೂ ಬೀಳುವುದಿಲ್ಲ. ಸಂಸ್ಕೃತದಲ್ಲಿ ಸ್ತ್ರೀಲಿಂಗಕ್ಕೆ ಗಚ್ಛಂತೀ ಎಂಬ ಬೇರೆ ರೂಪವಿದೆ. ಲ್ಯಾಟಿನ್ನಿನಲ್ಲಿ ಪುಲ್ಲಿಂಗ ಸ್ತ್ರೀಲಿಂಗಗಳಿಗೆ ಒಂದೇ ರೂಪ. ಒಟ್ಟಿನಲ್ಲಿ ಸಂಸ್ಕೃತ ಬಲ್ಲವರಿಗೆ ಇಲ್ಲಿನ ಹೊರೆ ಕಡಿಮೆಯೇ.

ಎರಡನೆಯ ಹೆಜ್ಜೆ: ವಿಭಕ್ತಿರೂಪಗಳನ್ನು ಬರೆದುಕೊಳ್ಳುವುದು

ಲ್ಯಾಟಿನ್ನಿನಲ್ಲಿ ಆರು ವಿಭಕ್ತಿಗಳಿವೆ. ನಮ್ಮ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ, ಸಂಬೋಧನೆಗಳಿಗೆ ಅಲ್ಲಿ ನೇರವಾದ ಸಂವಾದಿಗಳಿವೆ. ಉಳಿದ ತೃತೀಯಾ, ಪಂಚಮೀ, ಸಪ್ತಮೀ ಎಂಬ ಮೂರರ ಕೆಲಸವನ್ನೂ ಬಹುಮಟ್ಟಿಗೆ ಒಂದೇ ವಿಭಕ್ತಿ ನಿರ್ವಹಿಸುತ್ತದೆ. ಅದಕ್ಕೆ ಅಬ್ಲೇಟಿವ್ ಎಂದು ಹೆಸರು. ಅದನ್ನು ‘ಪಂಚಮಿ’ ಎಂದು ಅನುವಾದಿಸಿದರೆ ಉಳಿದೆರಡು ಅರ್ಥಗಳು ಮರೆಯಾಗುತ್ತವೆ ಎಂಬ ಕಾರಣಕ್ಕೆ ಅಬ್ಲೇಟಿವ್ ಎಂಬ ಹೆಸರನ್ನೇ ಉಳಿಸಿಕೊಳ್ಳುತ್ತೇನೆ. ಸಂಬೋಧನೆಯ ರೂಪ ಈ ಕೃದಂತದಲ್ಲಿ ಪ್ರಥಮೆಯಂತೆಯೇ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ಬರೆಯುವ ಅಗತ್ಯವಿಲ್ಲ.

ಏಕವಚನ:
ಪ್ರಥಮಾ: ಪೆಂದೇನ್ಸ್ (ಮೂರು ಲಿಂಗಗಳಲ್ಲಿಯೂ)
ಷಷ್ಠೀ: ಪೆಂದೆಂತಿಸ್
ಚತುರ್ಥೀ: ಪೆಂದೆಂತೀ
ದ್ವಿತೀಯಾ: ಪೆಂದೆಂತೆಮ್ (ಪುಲ್ಲಿಂಗ, ಸ್ತ್ರೀಲಿಂಗ), ಪೆಂದೇನ್ಸ್ (ನಪುಂಸಕ)
ಅಬ್ಲೇಟಿವ್: ಪೆಂದೆಂತೆ, ಕೆಲವೆಡೆ ಪೆಂದೆಂತೀ

ಬಹುವಚನ:
ಪ್ರಥಮಾ: ಪೆಂದೆಂತೇಸ್ (ಪುಲ್ಲಿಂಗ, ಸ್ತ್ರೀಲಿಂಗ), ಪೆಂದೆಂತಿಯ (ನಪುಂಸಕ)
ಷಷ್ಠೀ: ಪೆಂದೆಂತಿಯುಮ್
ಚತುರ್ಥೀ ಮತ್ತು ಅಬ್ಲೇಟಿವ್: ಪೆಂದೆಂತಿಬುಸ್
ದ್ವಿತೀಯಾ: ಪೆಂದೆಂತೇಸ್, ಹಳೆಯ ರೂಪ ಪೆಂದೆಂತೀಸ್ (ಪುಲ್ಲಿಂಗ, ಸ್ತ್ರೀಲಿಂಗ), ಪೆಂದೆಂತಿಯ (ನಪುಂಸಕ)

ಈ ಪಟ್ಟಿಯಲ್ಲಿ ಓದುಗರನ್ನು ತಡವರಿಸುವಂತೆ ಮಾಡುವ ಜಾಗಗಳು ಮೂರು. ಮೊದಲನೆಯದು ಪ್ರಥಮಾ ಏಕವಚನ. ಅಲ್ಲಿ ಲಿಂಗಭೇದ ಕಾಣುವುದೇ ಇಲ್ಲ. ‘ಹೊಮೋ ಸಪಿಯೇನ್ಸ್’ ಎಂಬಲ್ಲಿ ನಾಮಪದ ಪುಲ್ಲಿಂಗ. ‘ಲೀಸ್ ಪೆಂದೇನ್ಸ್’ ಎಂಬಲ್ಲಿ ಸ್ತ್ರೀಲಿಂಗ. ಯಾವ ರಾಷ್ಟ್ರವೂ ಒಪ್ಪಂದದ ಮೂಲಕ ಮೀರಲಾಗದ ನಿಯಮಗಳಿಗೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಬಳಸುವ ‘ಯೂಸ್ ಕೋಗೇನ್ಸ್’ ಎಂಬಲ್ಲಿ ನಪುಂಸಕ. ಮೂರಕ್ಕೂ ಅಂತ್ಯ ಒಂದೇ. ಲಿಂಗ ಎದ್ದು ಕಾಣುವುದು ದ್ವಿತೀಯೆಯಲ್ಲಿ: ಹೊಮಿನೆಮ್ ಸಪಿಯೆಂತೆಮ್, ಲೀತೆಮ್ ಪೆಂದೆಂತೆಮ್, ಆದರೆ ನಪುಂಸಕದಲ್ಲಿ ಪ್ರಥಮೆಯಂತೆಯೇ ಯೂಸ್ ಕೋಗೇನ್ಸ್. ‘ಯೂಸ್ ಕೋಗೆಂತೆಮ್’ ಎಂದು ಬರೆದರೆ ಅದು ವ್ಯಾಕರಣದೋಷ.

ಎರಡನೆಯದು ಅಬ್ಲೇಟಿವ್ ಏಕವಚನದ ಎರಡು ರೂಪಗಳು. ಕೃದಂತ ನಿಜವಾಗಿ ಕ್ರಿಯೆಯನ್ನು ಹೇಳುತ್ತಿದ್ದರೆ, ಅಥವಾ ‘ಇಂಥದ್ದನ್ನು ಮಾಡುವವನು’ ಎಂದು ನಾಮಪದವಾಗಿ ನಿಂತರೆ, ಹ್ರಸ್ವ ಎಕಾರ ಬರುತ್ತದೆ. ಬರಿಯ ಗುಣವಾಚಕವಾಗಿ ಒಂದು ನಾಮಪದಕ್ಕೆ ವಿಶೇಷಣವಾದರೆ ದೀರ್ಘ ಈಕಾರ ಬರುತ್ತದೆ. ‘ಆ ಸಪಿಯೆಂತೆ’ ಎಂದರೆ ‘ಜ್ಞಾನಿಯಿಂದ’. ‘ಆ ಸಪಿಯೆಂತೀ ವಿರೋ’ ಎಂದರೆ ‘ಜ್ಞಾನಿಯಾದ ಮನುಷ್ಯನಿಂದ’. ದಾವೆ ನಿಂತಿರುವುದು ಒಂದು ಗುಣವಲ್ಲ, ನಡೆಯುತ್ತಿರುವ ಸ್ಥಿತಿ. ಆದ್ದರಿಂದಲೇ ಕಾಯಿದೆಯಲ್ಲಿ ‘ಪೆಂದೆಂತೆ ಲೀತೆ’ ಎಂದು ಎಕಾರವಿದೆ. ಸಾಮಾನ್ಯ ವಿದ್ಯಾರ್ಥಿಗೆ ಸಣ್ಣದಾಗಿ ಕಾಣುವ ಈ ಭೇದ ನನ್ನ ಮಟ್ಟಿಗೆ ಈ ಪಟ್ಟಿಯ ಅತ್ಯಂತ ಬೆಲೆಯುಳ್ಳ ಭಾಗ, ಏಕೆಂದರೆ ಬರೆದವನು ಆ ಪದವನ್ನು ಕ್ರಿಯೆಯಾಗಿ ಗ್ರಹಿಸಿದ್ದನೋ ಗುಣವಾಗಿ ಗ್ರಹಿಸಿದ್ದನೋ ಎಂಬುದು ಒಂದೇ ಸ್ವರದಲ್ಲಿ ತಿಳಿಯುತ್ತದೆ.

ಮೂರನೆಯದು ದ್ವಿತೀಯಾ ಬಹುವಚನದ ಹಳೆಯ ‘ಈಸ್’. ವರ್ಜಿಲನ ಈನಿಯಡ್ ಕಾವ್ಯದ ಎರಡನೆಯ ಭಾಗದ 49ನೇ ಸಾಲಿನ ಕೊನೆಯ ಪದವನ್ನು ಕೆಲವು ಮುದ್ರಣಗಳು ‘ಫೆರೆಂತೇಸ್’ ಎಂದೂ ಕೆಲವು ‘ಫೆರೆಂತೀಸ್’ ಎಂದೂ ಕೊಡುತ್ತವೆ. ಅಲ್ಲಿನ ಮಾತಿನ ತಾತ್ಪರ್ಯ ‘ಕಾಣಿಕೆಗಳನ್ನು ಹೊತ್ತು ತಂದರೂ ನಾನು ಗ್ರೀಕರಿಗೆ ಅಂಜುತ್ತೇನೆ’ ಎಂಬುದು. ಎರಡು ಪಾಠಗಳಲ್ಲಿಯೂ ವಿಭಕ್ತಿ ಒಂದೇ, ಅರ್ಥವೂ ಒಂದೇ. ಆದರೆ ಮುದ್ರಣದಲ್ಲಿ ದೀರ್ಘಚಿಹ್ನೆ ಇಲ್ಲದಿದ್ದರೆ ಈ ಹಳೆಯ ರೂಪ ಷಷ್ಠೀ ಏಕವಚನದಂತೆಯೇ ಕಾಣುತ್ತದೆ. ಅದೇ ಸಾಲಿನ ನಾಮಪದ ‘ದನಾಓಸ್’ (ಗ್ರೀಕರನ್ನು) ದ್ವಿತೀಯಾ ಬಹುವಚನದಲ್ಲಿರುವುದೇ ನಮಗೆ ಆಧಾರ.

ಮೂರನೆಯ ಹೆಜ್ಜೆ: ಇದು ಕೃದಂತವೇ ಎಂದು ಖಚಿತಪಡಿಸಿಕೊಳ್ಳುವುದು

‘ಂತ’ ಕಂಡಲ್ಲೆಲ್ಲ ವರ್ತಮಾನ ಕೃದಂತವಿದೆ ಎಂದು ತಿಳಿಯಬಾರದು. ಪದ ‘ಂತ್’ ಎಂದು ವ್ಯಂಜನದಲ್ಲಿಯೇ ಮುಗಿದರೆ ಅದು ಪೂರ್ಣಕ್ರಿಯಾಪದ, ಪ್ರಥಮ ಪುರುಷದ ಬಹುವಚನ: ‘ಪೆಂದೆಂತ್’ ಎಂದರೆ ‘ತೂಗುತ್ತಿವೆ’. ಅದರ ಮುಂದೆ ಪ್ರತ್ಯಯ ಸೇರಿದಾಗ ಮಾತ್ರ ಕೃದಂತದ ಪ್ರಶ್ನೆ ಏಳುತ್ತದೆ. ಹಾಗೆಯೇ ‘ಮೇನ್ಸ್, ಮೆಂತಿಸ್’ (ಮನಸ್ಸು), ‘ಗೇನ್ಸ್, ಗೆಂತಿಸ್’ (ಕುಲ), ‘ಫೋನ್ಸ್, ಫೊಂತಿಸ್’ (ಚಿಲುಮೆ) ಮೊದಲಾದವು ನಾಮಪದಗಳು. ಅವುಗಳ ರೂಪ ಹೋಲುತ್ತದೆ, ಕೆಲಸ ಬೇರೆ.

ಇದಕ್ಕಿಂತ ಮುಖ್ಯವಾದುದು ‘ಂತ’ ಮತ್ತು ‘ಂದ’ ಎಂಬುವುಗಳ ವ್ಯತ್ಯಾಸ. ಇಂಗ್ಲಿಷಿನ ಮೂಲಕ ಲ್ಯಾಟಿನ್ ಕಲಿಯುವವರು ಇವೆರಡನ್ನೂ ಒಂದೇ ‘ಇಂಗ್’ ಪ್ರತ್ಯಯದಿಂದ ಅನುವಾದಿಸಿ ಗೊಂದಲಕ್ಕೆ ಒಳಗಾಗುತ್ತಾರೆ. ಕನ್ನಡದಲ್ಲಿ ಆ ಗೊಂದಲಕ್ಕೆ ಕಾರಣವೇ ಇಲ್ಲ. ‘ಂತ’ ಎಂಬುದು ‘ಮಾಡುವ’ ಅಥವಾ ‘ಮಾಡುವವನು’. ‘ಂದ’ ಎಂಬುದು ‘ಮಾಡುವುದು’ ಅಥವಾ ‘ಮಾಡಬೇಕಾದ’. ತೀರ್ಪಿನ ಆಧಾರತತ್ತ್ವವನ್ನು ಹೇಳುವ ‘ರತಿಯೋ ದೇಕೀದೆಂದೀ’ ಎಂಬಲ್ಲಿ ಇರುವುದು ‘ಂದ’: ಅದು ‘ತೀರ್ಮಾನಿಸುವವನ ಕಾರಣ’ ಅಲ್ಲ, ‘ತೀರ್ಮಾನಿಸುವುದರ ಕಾರಣ’. ‘ಮೂತಾತೀಸ್ ಮೂತಂದೀಸ್’ ಎಂಬ ಮಾತಿನ ಎರಡನೆಯ ಪದವೂ ‘ಂದ’ ವರ್ಗಕ್ಕೆ ಸೇರಿದ್ದು: ‘ಬದಲಾಯಿಸಬೇಕಾದವುಗಳನ್ನು ಬದಲಾಯಿಸಿಕೊಂಡು’.

ಭೂತಕಾಲದ ಕೃದಂತ ಮತ್ತೊಂದು ಜಾತಿಯದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಮಿನ ಹೆಸರಾದ ‘ರೇಸ್ ಯೂದಿಕಾತ’ ಎಂಬಲ್ಲಿ ಎರಡನೆಯ ಪದ ‘ತೀರ್ಮಾನಿಸಲ್ಪಟ್ಟ’ ಎಂಬ ಕರ್ಮಣಿ ಅರ್ಥವನ್ನು ಕೊಡುತ್ತದೆ. ಪುಲ್ಲಿಂಗದಲ್ಲಿ ಅದು ‘ಉಸ್’, ಸ್ತ್ರೀಲಿಂಗದಲ್ಲಿ ‘ಅ’, ನಪುಂಸಕದಲ್ಲಿ ‘ಉಮ್’ ಎಂದು ಕೊನೆಗೊಂಡು ಸಾಮಾನ್ಯ ವಿಶೇಷಣದಂತೆ ನಡೆಯುತ್ತದೆ. ಅದರ ವಿಭಕ್ತಿಗಳು ಕಷ್ಟವಲ್ಲ, ಅರ್ಥವೇ ಕಷ್ಟ. ಕನ್ನಡದ ‘ಹೇಳಿದ’ ಎಂಬ ರೂಪ ‘ಹೇಳಿದ ಗುರು’ ಎಂಬಲ್ಲಿ ಕರ್ತರಿಯಾಗಿಯೂ ‘ಹೇಳಿದ ಮಾತು’ ಎಂಬಲ್ಲಿ ಕರ್ಮಣಿಯಾಗಿಯೂ ನಿಲ್ಲುತ್ತದೆ. ‘ಹೇಳುವ ಗುರು’, ‘ಹೇಳುವ ಮಾತು’ ಎಂಬಲ್ಲಿಯೂ ಹಾಗೆಯೇ. ಲ್ಯಾಟಿನ್ನಿನಲ್ಲಿ ಈ ಸ್ವಾತಂತ್ರ್ಯವಿಲ್ಲ. ‘ದೀಕೇನ್ಸ್’ ಎಂದರೆ ಹೇಳುವ ವ್ಯಕ್ತಿ ಮಾತ್ರ, ಹೇಳುವ ಮಾತಲ್ಲ. ‘ದಿಕ್ತುಮ್’ ಎಂದರೆ ಹೇಳಲ್ಪಟ್ಟದ್ದು ಮಾತ್ರ, ಹೇಳಿದವನಲ್ಲ. ಕನ್ನಡಿಗರು ಲ್ಯಾಟಿನ್ ಬರೆಯುವಾಗ ಆಗಬಹುದಾದ ತಪ್ಪುಗಳಲ್ಲಿ ಇದು ಮೊದಲ ಸಾಲಿನದು. ಕೆಲವು ಧಾತುಗಳಿಗೆ ರೂಪ ಕರ್ಮಣಿಯಾಗಿದ್ದರೂ ಅರ್ಥ ಕರ್ತರಿಯಾಗಿರುತ್ತದೆ. ಒಮ್ಮೆ ತೀರ್ಪು ಕೊಟ್ಟು ತನ್ನ ಅಧಿಕಾರವನ್ನು ಚಲಾಯಿಸಿ ಮುಗಿಸಿದ ನ್ಯಾಯಾಲಯಕ್ಕೆ ಹೇಳುವ ‘ಫೂಂಕ್ತುಸ್ ಒಫ್ಫಿಕಿಯೋ’ ಅಂಥದು. ಅದು ‘ಕೆಲಸ ಮಾಡಿ ಮುಗಿಸಿದ’, ‘ಮುಗಿಸಲ್ಪಟ್ಟ’ ಅಲ್ಲ.

ನಾಲ್ಕನೆಯ ಹೆಜ್ಜೆ: ಯಾವ ಪದಕ್ಕೆ ಸೇರುತ್ತದೆ ಎಂದು ಹುಡುಕುವುದು

ಕೃದಂತ ತನ್ನ ವಿಶೇಷ್ಯದ ಲಿಂಗ, ವಚನ, ವಿಭಕ್ತಿ ಮೂರನ್ನೂ ಅನುಸರಿಸುತ್ತದೆ. ಕನ್ನಡದಲ್ಲಿ ‘ನಿಂತಿರುವ ದಾವೆ’, ‘ನಿಂತಿರುವ ದಾವೆಗೆ’, ‘ನಿಂತಿರುವ ದಾವೆಗಳ’ ಎಂದು ನಾಮಪದ ಮಾತ್ರ ಬದಲಾಗುತ್ತದೆ, ಕೃದಂತ ಕದಲುವುದಿಲ್ಲ. ಲ್ಯಾಟಿನ್ನಿನಲ್ಲಿ ಎರಡೂ ಒಟ್ಟಿಗೆ ಬದಲಾಗುತ್ತವೆ: ಲೀಸ್ ಪೆಂದೇನ್ಸ್, ಲೀತಿಸ್ ಪೆಂದೆಂತಿಸ್, ಲೀತೀ ಪೆಂದೆಂತೀ, ಲೀತೆಮ್ ಪೆಂದೆಂತೆಮ್. ಪದಗಳ ಅನುಕ್ರಮ ಸಡಿಲವಾಗಿರುವ ಭಾಷೆಯಲ್ಲಿ ಈ ಹೊಂದಾಣಿಕೆಯೇ ಓದುಗನಿಗೆ ದಾರಿ ತೋರಿಸುವುದು. ಹತ್ತಿರದಲ್ಲಿರುವ ನಾಮಪದಕ್ಕೆ ಕೃದಂತವನ್ನು ಅಂಟಿಸುವ ಅಭ್ಯಾಸವನ್ನು ಬಿಟ್ಟು, ವಿಭಕ್ತಿ ಹೊಂದುವ ನಾಮಪದವನ್ನು ಹುಡುಕಬೇಕು.

ಹೊಂದುವ ನಾಮಪದ ಸಿಗದಿದ್ದರೆ ಕೃದಂತವೇ ನಾಮಪದವಾಗಿದೆ ಎಂದು ತಿಳಿಯಬೇಕು. ಕನ್ನಡ ಓದುಗರಿಗೆ ಇಲ್ಲೊಂದು ಅನುಕೂಲವಿದೆ. ನಮ್ಮ ಕೃದಂತ ವಿಶೇಷಣವಾಗಿರುವಾಗ ವಿಭಕ್ತಿಯನ್ನು ಪಡೆಯುವುದಿಲ್ಲ, ಆದರೆ ನಾಮವಾದ ಕೂಡಲೇ ಲಿಂಗ, ವಚನ, ವಿಭಕ್ತಿಗಳನ್ನೆಲ್ಲ ಪಡೆಯುತ್ತದೆ: ಬಯಸುವವನು, ಬಯಸುವವಳಿಗೆ, ಬಯಸುವವರ. ‘ವೊಲೆಂತೀ ನೋನ್ ಫಿತ್ ಇನ್ಯೂರಿಯ’ ಎಂಬ ಸೂತ್ರದ ಮೊದಲ ಪದ ‘ವೊಲೇನ್ಸ್’ (ಬಯಸುವ, ಒಪ್ಪುವ) ಎಂಬುದರ ಚತುರ್ಥೀ ಏಕವಚನ. ಕನ್ನಡದಲ್ಲಿ ಒಂದೇ ಪದ ಅದನ್ನು ಪೂರ್ತಿಯಾಗಿ ಹೇಳುತ್ತದೆ: ‘ಒಪ್ಪುವವನಿಗೆ’. ಇಡೀ ಸೂತ್ರ ‘ಒಪ್ಪುವವನಿಗೆ ಅನ್ಯಾಯವಾಗುವುದಿಲ್ಲ’ ಎಂದಾಗುತ್ತದೆ. ಇದರ ಹಿಂದಿರುವ ರೋಮನ್ ನ್ಯಾಯವೇತ್ತ ಉಲ್ಪಿಯಾನನ ಮಾತು 533ರಲ್ಲಿ ಜಾರಿಗೆ ಬಂದ ಜಸ್ಟಿನಿಯನ್ನನ ಡೈಜೆಸ್ಟ್ ಸಂಗ್ರಹದಲ್ಲಿದೆ. ಅಲ್ಲಿ ಅದೇ ಕೃದಂತ ‘ಇನ್ ವೊಲೆಂತೆಮ್’ ಎಂದು ದ್ವಿತೀಯೆಯಲ್ಲಿ ಬರುತ್ತದೆ, ಅಂದರೆ ‘ಒಪ್ಪುವವನ ಮೇಲೆ’ ಮಾಡಿದ್ದು ಅನ್ಯಾಯವಲ್ಲ ಎಂದು. ವಿಭಕ್ತಿ ಬದಲಾದದ್ದು ಉಪಸರ್ಗ ಮತ್ತು ಕ್ರಿಯಾಪದಗಳ ಕಾರಣದಿಂದ, ತತ್ತ್ವ ಬದಲಾಗಿಲ್ಲ.

ಷಷ್ಠಿಯಲ್ಲಿ ತಪ್ಪು ಓದುವುದು ಇನ್ನೂ ಸುಲಭ. ಲ್ಯಾಟಿನ್ ಬೈಬಲ್ಲಿನ ‘ವೋಕ್ಸ್ ಕ್ಲಾಮಂತಿಸ್ ಇನ್ ದೇಸೆರ್ತೋ’ ಎಂಬ ಮಾತನ್ನು ‘ಅಡವಿಯಲ್ಲಿ ಕೂಗುವ ದನಿ’ ಎಂದು ಅನುವಾದಿಸುವವರಿದ್ದಾರೆ. ‘ವೋಕ್ಸ್’ ಪ್ರಥಮಾ ವಿಭಕ್ತಿ, ‘ಕ್ಲಾಮಂತಿಸ್’ ಷಷ್ಠೀ, ಎರಡೂ ಹೊಂದುವುದಿಲ್ಲ. ಆದ್ದರಿಂದ ಸರಿಯಾದ ಅನುವಾದ ‘ಅಡವಿಯಲ್ಲಿ ಕೂಗುವವನ ದನಿ’. ಕೂಗುತ್ತಿರುವುದು ದನಿಯಲ್ಲ, ಒಬ್ಬ ಮನುಷ್ಯ. ಬಹುವಚನಕ್ಕೆ ಟೆರೆನ್ಸ್ ನಾಟಕಕಾರನ ‘ಅಮಂತಿಯುಮ್ ಈರೈ’ ಎಂಬ ಮಾತನ್ನು ನೋಡಬಹುದು: ‘ಪ್ರೀತಿಸುವವರ ಕೋಪತಾಪಗಳು’.

ಐದನೆಯ ಹೆಜ್ಜೆ: ವಿಭಕ್ತಿಗೆ ತಕ್ಕ ಕನ್ನಡ ರೂಪವನ್ನು ಆರಿಸುವುದು

ನಾನು ಓದುಗರಿಗೆ ವಿಶೇಷವಾಗಿ ಒತ್ತಿ ಹೇಳಲು ಬಯಸುವುದು ಈ ಹೆಜ್ಜೆಯನ್ನು. ಒಂದು ಲ್ಯಾಟಿನ್ ಕೃದಂತಕ್ಕೆ ಒಂದೇ ಕನ್ನಡ ಅನುವಾದವನ್ನು ಗಟ್ಟಿಮಾಡಿಕೊಳ್ಳುವುದು ಸರಿಯಲ್ಲ. ಕನ್ನಡದಲ್ಲಿ ‘ನಗುವ’, ‘ನಗುತ್ತಾ’, ‘ನಗುತ್ತಿರುವಾಗ’, ‘ನಗುವವನನ್ನು’ ಎಂದು ಬೇರೆ ಬೇರೆ ರೂಪಗಳಿವೆ. ಲ್ಯಾಟಿನ್ನಿನ ಒಂದೇ ಕೃದಂತ ಸಂದರ್ಭಾನುಸಾರ ಇವೆಲ್ಲವೂ ಆಗುತ್ತದೆ, ಮತ್ತು ಯಾವುದು ಎಂದು ಹೇಳುವುದು ವಿಭಕ್ತಿ.

ಕೃದಂತ ಪ್ರಥಮೆಯಲ್ಲಿದ್ದು ವಾಕ್ಯದ ಕರ್ತೃವಿಗೆ ಸೇರಿದರೆ ‘ಉತ್ತಾ’ ರೂಪ ಸೂಕ್ತ: ‘ರೀದೇನ್ಸ್ ದೀಕ್ಸಿತ್’ ಎಂದರೆ ‘ನಗುತ್ತಾ ಹೇಳಿದನು’. ಕನ್ನಡದ ‘ಉತ್ತಾ’ ರೂಪದಲ್ಲಿ ಎರಡು ಕ್ರಿಯೆಗಳ ಕರ್ತೃ ಸಾಮಾನ್ಯವಾಗಿ ಒಬ್ಬನೇ ಆಗಿರುವಂತೆ ಇಲ್ಲಿಯೂ ಒಬ್ಬನೇ. ದ್ವಿತೀಯೆಯಲ್ಲಿದ್ದರೆ ‘ನಗುತ್ತಿರುವವನನ್ನು’ ಅಥವಾ ‘ಅವನು ನಗುತ್ತಿರುವುದನ್ನು’: ‘ರೀದೆಂತೆಮ್ ವೀದೀ’ ಎಂದರೆ ‘ಅವನು ನಗುತ್ತಿರುವುದನ್ನು ಕಂಡೆನು’.

ಅಬ್ಲೇಟಿವ್ ವಿಭಕ್ತಿಯಲ್ಲಿ ನಾಮಪದವೂ ಕೃದಂತವೂ ಜೋಡಿಯಾಗಿ ನಿಂತು, ಆ ನಾಮಪದಕ್ಕೆ ಮುಖ್ಯವಾಕ್ಯದಲ್ಲಿ ಕರ್ತೃವಿನ ಅಥವಾ ಕರ್ಮದ ಸ್ಥಾನವಿಲ್ಲದಿದ್ದರೆ, ಅದು ಸ್ವತಂತ್ರ ಅಬ್ಲೇಟಿವ್ ರಚನೆ. ಸಂಸ್ಕೃತದಲ್ಲಿ ಇದೇ ಕೆಲಸವನ್ನು ಸತಿಸಪ್ತಮಿ ಮಾಡುತ್ತದೆ. ಹಳೆಯ ಶೈಲಿಯ ಕನ್ನಡದಲ್ಲಿ ‘ಸೂರ್ಯನುದಯಿಸಲು ಕತ್ತಲೆ ಹರಿಯಿತು’ ಎಂಬ ರಚನೆಯೂ ಅಂಥದೇ. ಇಂದಿನ ಗದ್ಯದಲ್ಲಿ ‘ಆಗ’ ಸೇರಿಸಿ ಹೇಳುತ್ತೇವೆ. ಅಭ್ಯಾಸಕ್ಕಾಗಿ ಒಂದು ವಾಕ್ಯವನ್ನು ಕಟ್ಟಿಕೊಳ್ಳೋಣ: ‘ಲೀತೆ ಪೆಂದೆಂತೆ ಫುಂದುಮ್ ವೇಂದಿದಿತ್’. ‘ಫುಂದುಮ್’ ಎಂದರೆ ಜಮೀನನ್ನು, ‘ವೇಂದಿದಿತ್’ ಎಂದರೆ ಮಾರಿದನು. ಮಾರಿದವನು ಮನುಷ್ಯ, ನಿಂತಿರುವುದು ದಾವೆ, ಕರ್ತೃಗಳು ಬೇರೆ. ಆದ್ದರಿಂದ ‘ದಾವೆ ಇತ್ಯರ್ಥವಾಗದೆ ಇರುವಾಗ ಜಮೀನನ್ನು ಮಾರಿದನು’ ಎಂದು ‘ಆಗ’ ರೂಪದಲ್ಲಿಯೇ ಅನುವಾದಿಸಬೇಕು. 52ನೇ ಕಲಮು ನಿಯಂತ್ರಿಸುವ ಸನ್ನಿವೇಶ ಇದೇ: ಸ್ಥಿರಾಸ್ತಿಯ ಹಕ್ಕು ನೇರವಾಗಿ ಪ್ರಶ್ನೆಯಲ್ಲಿರುವ ದಾವೆ ನಡೆಯುತ್ತಿರುವಾಗ, ನ್ಯಾಯಾಲಯದ ಅನುಮತಿಯಿಲ್ಲದೆ, ಎದುರು ಪಕ್ಷದವರ ಹಕ್ಕಿಗೆ ಧಕ್ಕೆಯಾಗುವಂತೆ ಅದನ್ನು ಪರಭಾರೆ ಮಾಡಲಾಗದು.

ಕಾಲದ ವಿಚಾರವೂ ಈ ವಾಕ್ಯದಿಂದಲೇ ತಿಳಿಯುತ್ತದೆ. ವರ್ತಮಾನ ಕೃದಂತ ಹೇಳುವುದು ಇಂದಿನ ಕಾಲವನ್ನಲ್ಲ, ಮುಖ್ಯ ಕ್ರಿಯೆಯ ಸಮಕಾಲವನ್ನು. ಮಾರಿದ್ದು ಭೂತಕಾಲದಲ್ಲಾದರೆ ದಾವೆ ನಿಂತಿದ್ದುದೂ ಆಗಲೇ. ಕ್ರಿಯಾಪದವನ್ನು ‘ವೇಂದೆತ್’ (ಮಾರುವನು) ಎಂದು ಭವಿಷ್ಯಕ್ಕೆ ಬದಲಾಯಿಸಿದರೆ ಕೃದಂತವನ್ನು ಮುಟ್ಟದೆಯೇ ದಾವೆಯೂ ಭವಿಷ್ಯಕ್ಕೆ ಸರಿಯುತ್ತದೆ. ನಮ್ಮ ‘ಇರುವಾಗ’ ಎಂಬುದೂ ಇದೇ ರೀತಿ ಮುಖ್ಯ ಕ್ರಿಯಾಪದದ ಕಾಲವನ್ನು ಅನುಸರಿಸುವುದರಿಂದ ಅನುವಾದ ಸಲೀಸು.

ಸ್ವತಂತ್ರ ಅಬ್ಲೇಟಿವ್ ಯಾವಾಗಲೂ ಕಾಲವನ್ನೇ ಹೇಳುತ್ತದೆ ಎಂದಲ್ಲ. ಕಾರಣ, ಷರತ್ತು, ವಿರೋಧಗಳನ್ನೂ ಅದು ಹೇಳಬಲ್ಲದು, ಮತ್ತು ಯಾವುದೆಂದು ಸಂದರ್ಭ ನಿರ್ಧರಿಸುತ್ತದೆ. ‘ರೇಬುಸ್ ಸೀಕ್ ಸ್ತಂತಿಬುಸ್’ ಎಂಬಲ್ಲಿ ಷರತ್ತಿನ ಅರ್ಥ ಪ್ರಧಾನ: ‘ಸ್ಥಿತಿಗತಿಗಳು ಹೀಗೆಯೇ ಇದ್ದಲ್ಲಿ’. ಸನ್ನಿವೇಶ ಮೂಲಭೂತವಾಗಿ ಬದಲಾದಾಗ ಒಪ್ಪಂದದ ಗತಿ ಏನು ಎಂಬ ಈ ವಿಚಾರಕ್ಕೆ ಒಪ್ಪಂದಗಳ ಕಾನೂನನ್ನು ಕುರಿತ 1969ರ ವಿಯೆನ್ನಾ ಒಪ್ಪಂದದ 62ನೇ ವಿಧಿಯಲ್ಲಿ ಬಿಗಿಯಾದ ಮಿತಿಗಳನ್ನು ಹಾಕಲಾಗಿದೆ. ‘ನೋನ್ ಒಬ್ಸ್ತಂತೆ’ ಎಂಬಲ್ಲಿ ವಿರೋಧದ ಅರ್ಥ. ಅಡ್ಡಿಯಾಗು ಎಂಬ ಧಾತುವಿನಿಂದ ಬಂದ ಈ ಕೃದಂತದ ಶಬ್ದಾರ್ಥ ‘ಅದು ಅಡ್ಡಿಯಾಗದಿರುವಾಗ’; ಬಳಕೆಯ ಅರ್ಥ ‘ಅದು ಏನೇ ಇದ್ದರೂ’. ಸಂವಿಧಾನದ 226ನೇ ಅನುಚ್ಛೇದ, 32ನೇ ಅನುಚ್ಛೇದದಲ್ಲಿ ಏನೇ ಇದ್ದರೂ ಉಚ್ಚ ನ್ಯಾಯಾಲಯಗಳಿಗೆ ಅಧಿಕಾರವಿದೆ ಎಂದು ಆರಂಭವಾಗುತ್ತದೆ. 32ನೇ ಅನುಚ್ಛೇದ ಅಡ್ಡಿಯಾಗದಂತೆ ನೋಡಿಕೊಳ್ಳುವ ಆ ಪೀಠಿಕೆಯನ್ನೇ ವಕೀಲರು ಈ ಲ್ಯಾಟಿನ್ ಹೆಸರಿನಿಂದ ಕರೆಯುವುದು.

ಒಂದು ಸೂತ್ರವನ್ನು ಪೂರ್ತಿಯಾಗಿ ಬಿಡಿಸುವುದು

ವಿಳಂಬವಾಗಿ ನ್ಯಾಯಾಲಯಕ್ಕೆ ಬಂದವರ ವಿರುದ್ಧ ಉದ್ಧರಿಸಲಾಗುವ ಸೂತ್ರ ಇದು: ‘ವಿಗಿಲಂತಿಬುಸ್ ನೋನ್ ದೊರ್ಮಿಯೆಂತಿಬುಸ್ ಯೂರ ಸುಬ್ವೆನಿಯುಂತ್’. ಕೊನೆಯ ಪದ ‘ಂತ್’ ಎಂದು ವ್ಯಂಜನದಲ್ಲಿ ಮುಗಿದಿದೆ, ಆದ್ದರಿಂದ ಪೂರ್ಣಕ್ರಿಯಾಪದ: ‘ನೆರವಿಗೆ ಬರುತ್ತವೆ’. ಬಹುವಚನದ ಕರ್ತೃ ಬೇಕು. ‘ಯೂರ’ ನಪುಂಸಕ ಬಹುವಚನ, ‘ಕಾನೂನುಗಳು’. ಉಳಿದ ಎರಡು ಪದಗಳಲ್ಲಿ ‘ಂತ’ ಇದ್ದು ಮುಂದೆ ‘ಇಬುಸ್’ ಪ್ರತ್ಯಯವಿದೆ. ಎರಡೂ ಬಹುವಚನದ ಕೃದಂತಗಳು. ‘ಇಬುಸ್’ ಚತುರ್ಥಿಯೂ ಆಗಬಹುದು, ಅಬ್ಲೇಟಿವ್ ಕೂಡ ಆಗಬಹುದು. ಇಲ್ಲಿ ನಿರ್ಣಯ ಕ್ರಿಯಾಪದದ್ದು: ‘ಸುಬ್ವೆನೀರೆ’ ಧಾತು ಚತುರ್ಥಿಯನ್ನು ಬಯಸುತ್ತದೆ, ಕನ್ನಡದ ‘ನೆರವಾಗು’ ಎಂಬಂತೆಯೇ. ‘ಯೂರ’ ಎಂಬುದರೊಡನೆ ಈ ಕೃದಂತಗಳ ವಿಭಕ್ತಿ ಹೊಂದುವುದಿಲ್ಲ, ಬೇರೆ ನಾಮಪದವೂ ಇಲ್ಲ. ಆದ್ದರಿಂದ ಇವೇ ನಾಮಪದಗಳಾಗಿ ನಿಂತಿವೆ. ಅನುವಾದ: ‘ಎಚ್ಚರದಿಂದಿರುವವರಿಗೆ ಕಾನೂನು ನೆರವಾಗುತ್ತದೆ, ನಿದ್ರಿಸುವವರಿಗಲ್ಲ’. ಕರ್ತೃ ಲ್ಯಾಟಿನ್ನಿನಲ್ಲಿ ಬಹುವಚನವಾದರೂ ಕನ್ನಡದಲ್ಲಿ ಏಕವಚನ ಸಹಜವಾಗಿರುವುದರಿಂದ ಹಾಗೆ ಬದಲಾಯಿಸಿದ್ದೇನೆ. ಕೃದಂತಗಳ ಬಹುವಚನವನ್ನು ಮಾತ್ರ ಬಿಡಲಾಗದು, ಏಕೆಂದರೆ ಸೂತ್ರ ಹೇಳುತ್ತಿರುವುದು ಒಂದು ವರ್ಗದ ಜನರನ್ನು ಕುರಿತು.

ಅಭ್ಯಾಸ

ಮೇಲಿನ ಪಟ್ಟಿಯನ್ನು ಮುಚ್ಚಿಟ್ಟು ಈ ಜೋಡಿಗಳ ವಿಭಕ್ತಿ ಮತ್ತು ಅರ್ಥವನ್ನು ಬರೆಯಿರಿ: ಲೀತಿಯುಮ್ ಪೆಂದೆಂತಿಯುಮ್, ಲೀತೇಸ್ ಪೆಂದೆಂತೇಸ್, ಲೀತಿಬುಸ್ ಪೆಂದೆಂತಿಬುಸ್. ಮೊದಲನೆಯದು ಷಷ್ಠೀ ಬಹುವಚನ, ‘ನಿಂತಿರುವ ದಾವೆಗಳ’. ಎರಡನೆಯದು ಪ್ರಥಮೆಯೋ ದ್ವಿತೀಯೆಯೋ ಎಂಬುದನ್ನು ವಾಕ್ಯದ ಕ್ರಿಯಾಪದ ನೋಡಿಯೇ ಹೇಳಬೇಕು. ಮೂರನೆಯದು ಚತುರ್ಥಿಯಾದರೆ ‘ನಿಂತಿರುವ ದಾವೆಗಳಿಗೆ’, ಸ್ವತಂತ್ರ ಅಬ್ಲೇಟಿವ್ ಆದರೆ ‘ದಾವೆಗಳು ನಿಂತಿರುವಾಗ’.

ಬಳಿಕ ನಪುಂಸಕದ ‘ಯೂಸ್ ಕೋಗೇನ್ಸ್’ ಎಂಬುದನ್ನು ಎಲ್ಲ ವಿಭಕ್ತಿಗಳಲ್ಲಿ ಸ್ವತಃ ಬರೆದು ನೋಡಿರಿ. ನಾಮಪದದ ಪ್ರಕೃತಿ ಷಷ್ಠಿಯಲ್ಲಿ ‘ಯೂರಿಸ್’ ಎಂದಾಗುತ್ತದೆ. ದ್ವಿತೀಯಾ ಏಕವಚನ ಪ್ರಥಮೆಯಂತೆಯೇ ಇರಬೇಕು. ಪ್ರಥಮಾ ಮತ್ತು ದ್ವಿತೀಯಾ ಬಹುವಚನ ‘ಯೂರ ಕೋಗೆಂತಿಯ’ ಎಂದು ಬಂದಿರಬೇಕು. ಷಷ್ಠೀ ಬಹುವಚನದಲ್ಲಿ ನಾಮಪದ ‘ಯೂರುಮ್’, ಕೃದಂತ ‘ಕೋಗೆಂತಿಯುಮ್’ ಎಂದು ಅಂತ್ಯಗಳು ಭಿನ್ನವಾಗಿದ್ದರೂ ವಿಭಕ್ತಿ ಒಂದೇ. ಅಬ್ಲೇಟಿವ್ ಏಕವಚನದಲ್ಲಿ ಈ ಕೃದಂತ ನಿಯಮದ ಗುಣವನ್ನು ಹೇಳುವ ವಿಶೇಷಣವಾಗಿರುವುದರಿಂದ ‘ಯೂರೆ ಕೋಗೆಂತೀ’ ಎಂದು ದೀರ್ಘ ಈಕಾರ ಸರಿ. ‘ಕಾನೂನು ಒತ್ತಾಯಿಸುತ್ತಿರುವಾಗ’ ಎಂಬ ಸ್ವತಂತ್ರ ಅಬ್ಲೇಟಿವ್ ಅರ್ಥದಲ್ಲಾದರೆ ‘ಯೂರೆ ಕೋಗೆಂತೆ’ ಎಂದು ಹ್ರಸ್ವ ಎಕಾರ ಬರೆಯಬೇಕು.